ಮೀರಾಬಿ ಕಟ್ಟಿದ ಒದ್ದೆ ಬಟ್ಟೆ

ಅದಿರಿನ ಲಾರಿಗಳು ಬಳ್ಳಾರಿಯನ್ನು ತಮ್ಮ ಹಿತ್ತಿಲು ಮಾಡಿಕೊಂಡಿದ್ದ ವರ್ಷಗಳವು. ಸತ್ಯನಾರಾಯಣಪೇಟೆಯ ಅಂಚಿನ ನಮ್ಮ ಬೀದಿಯಲ್ಲಿ ಅವು ಇಂಜಿನ್ ಆರಿಸದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ನೀರಿನ ಕೊಡಕ್ಕೆ, ಕಿಟಕಿಗೆ, ಹೊರಗಿಟ್ಟ ಸೈಕಲ್ಲಿಗೂ ಒದ್ದೆ ಬಟ್ಟೆ ಕಟ್ಟುವುದು ನಮಗೆ ರೂಢಿಯಾಗಿತ್ತು. ಸಂಜೆ ಹಿಂಡಿದರೆ ಕೆಂಪು ನೀರು. ಅದಿರು ಮಾರಿ ಮೆರೆದವರು ಯಾರೋ, ಧೂಳು ಕುಡಿದವರು ನಾವು.

ಎದುರು ಮನೆಯ ದಸ್ತಗೀರಸಾಬರು ಗಾದಿ ಹೊಲಿಯುವವರು. ಕುರುಗೋಡು, ಬಾದನಹಟ್ಟಿಯ ಮದುವೆ ಗಾದಿಗಳೆಲ್ಲ ಅವರ ಕೈಯವೇ. ಈಗ ಉಬ್ಬಸ ಹಿಡಿದು, ಕಿಟಕಿಯ ಪಕ್ಕ ಕೂತೇ ನಿದ್ದೆ ಮಾಡುತ್ತಿದ್ದರು. ಈ ಹೊಗೆ ತಪ್ಪದಿದ್ದರೆ ಇವರು ಉಳಿಯುವುದಿಲ್ಲ ಎಂದು ಡಾಕ್ಟರು ಹೆಂಡತಿ ಮೀರಾಬಿಗೆ ನೇರವಾಗಿಯೇ ಹೇಳಿದ್ದರು.

ಅಷ್ಟರಲ್ಲಿ ಸಿರಿಗೇರಿ ಕಡೆಯ ಅರುಣಾ ಎಂಬ ಇಂಜಿನಿಯರು ಬಂದು, ಅವರ ಮನೆ ಮುಂದಿನ ಕಂಬಕ್ಕೆ ಪಾಲಿಕೆಯ ಪರವಾಗಿ, ಕೆಲವು ದಿನ ಪರೀಕ್ಷಿಸಲೆಂದು, ಒಂದು ಪೆಟ್ಟಿಗೆ ಹಾಕಿಸಿದಳು. ಅದು ಹೊಗೆ ಅಳೆಯುತ್ತದಂತೆ. ಹೆಚ್ಚಾದರೆ ಮೂಲೆಯ ಸಿಗ್ನಲ್ ತಾನಾಗಿಯೇ ಲಾರಿಗಳನ್ನು ಊರಾಚೆಯ ರಸ್ತೆಗೆ ತಿರುಗಿಸುತ್ತದಂತೆ. ನಿಂತಲ್ಲೇ ಡೀಸೆಲ್ ಸುಡುವುದು ತಪ್ಪಿ ಊರಿನ ಹೊಗೆ ಇಳಿಯುತ್ತದಂತೆ. ಪೆಟ್ಟಿಗೆಯನ್ನು ಜೋಪಾನ ಮಾಡಿ ಎಂದು ಮೀರಾಬಿಗೆ ಹೇಳಿ ಹೋದಳು. ಹೇಗೆಂದು ಹೇಳಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ಪರೀಕ್ಷೆ ಮುಗಿದರೂ ಸಿಗ್ನಲ್ ಒಂದು ಲಾರಿಯನ್ನೂ ತಿರುಗಿಸಲಿಲ್ಲ. ಬದಲಿಗೆ, ಪೆಟ್ಟಿಗೆಯ ಲೆಕ್ಕದಂತೆ ಈ ಬೀದಿಯ ಗಾಳಿ ಶುದ್ಧವಾಗಿದೆ, ಪಕ್ಕದ ರಸ್ತೆಯ ಲಾರಿಗಳೂ ಇನ್ನು ಇಲ್ಲೇ ಹಾಯಲಿ ಎಂಬ ಆದೇಶ ಪಾಲಿಕೆಯಿಂದ ಬಂತು. ಬೀದಿಗೆ ಬೀದಿಯೇ ಉರಿದುಬಿತ್ತು. ಅರುಣಾ ಓಡಿಬಂದು ಏಣಿ ಹಾಕಿಸಿದಳು. ಪೆಟ್ಟಿಗೆಗೆ ತೆಳು ಬಟ್ಟೆಯೊಂದನ್ನು ಮಡಚಿ, ಒದ್ದೆ ಮಾಡಿ, ಬಿಗಿಯಾಗಿ ಸುತ್ತಲಾಗಿತ್ತು. ಬೀದಿಯಲ್ಲಿ ಎಲ್ಲಕ್ಕೂ ಬಟ್ಟೆ ಇದ್ದುದರಿಂದ ಅದು ಯಾರಿಗೂ ವಿಶೇಷವೆನಿಸಿರಲಿಲ್ಲ.

"ಧೂಳ ಕುಂತ್ರ ಕೆಡ್ತೈತಂತ ದಿನಾ ಏಣಿ ಹತ್ತಿ ನಾನ ಕಟ್ಟೀನವ್ವ," ಎಂದಳು ಮೀರಾಬಿ.

ಹೊಗೆ ಒಳಗೆ ಹೋದರೆ ತಾನೇ ಪೆಟ್ಟಿಗೆ ಅಳೆಯುವುದು ಎಂದು ಅರುಣಾ ಮೆಲ್ಲಗೆ ತಿಳಿಸಿದಳು. ಮೀರಾಬಿ ಗಂಡ ಕೂತಿದ್ದ ಕಿಟಕಿಯ ಕಡೆ ತಿರುಗಿದಳು.

"ಅದು ಇವರ ಕಿಟಕಿ ಬಟ್ಟಿ. ಪೆಟ್ಟಿಗಿ ಚೊಲೋ ಇದ್ರ ಇವರಿಗೆ ಬಟ್ಟೀನ ಬ್ಯಾಡಾಕ್ಕೈತಿ ಅಂತ ಬಿಚ್ಚಿ ಕಟ್ಟಿದ್ನಿ."

ಬಟ್ಟೆ ಆ ದಿನವೇ ಕಿಟಕಿಗೆ ಮರಳಿತು. ಮತ್ತೊಮ್ಮೆ ಅಳೆಯಲು ಒಪ್ಪಿಗೆ ಕೇಳಿ ಅರುಣಾ ಪಾಲಿಕೆ ಕಚೇರಿಗೆ ಅಲೆದಳು, ಸಿರಿಗೇರಿಯಿಂದ ದಿನಾ ಬಸ್ಸಿನಲ್ಲಿ ಬಂದು.

ಕೊನೆಗೂ, ಬಕ್ರೀದ್ ಕಳೆದ ಮೇಲೆ, ಒಪ್ಪಿಗೆ ಸಿಕ್ಕಿತು. ಮೊದಲ ದಿನವೇ ಸಿಗ್ನಲ್ ಲಾರಿಗಳನ್ನು ಊರಾಚೆಗೆ ತಿರುಗಿಸಿತು. ಮೀರಾಬಿ ಕಿಟಕಿಯ ಬಟ್ಟೆ ಬಿಚ್ಚಿ, ಹಿಂಡಿ, ಒಣಗಲು ಹಾಕಿದಳು. ಅಲ್ಲಿ ಕೂರುತ್ತಿದ್ದವರು ಹಬ್ಬಕ್ಕೆ ಮೊದಲೇ ತೀರಿಹೋಗಿದ್ದರು.