ನಾಲ್ಕು ಜನ, ನೋಡಲಾಗಿದೆ

ಚರ್ಮ ತಪಾಸಣೆಗೆ ಮನೆಮನೆ ತಿರುಗುವವಳು ನಾನು. ಕುಷ್ಠದ ಕಲೆ ಹುಡುಕುವುದು ನನ್ನ ಕೆಲಸ. ಅದೇನೂ ಬ್ರಹ್ಮವಿದ್ಯೆಯಲ್ಲ. ಅನುಮಾನದ ಕಲೆ ಕಂಡರೆ ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಬೇಕು. ಮುಟ್ಟಿದ ಕಡೆ ಅವರು ಬೆರಳಿಟ್ಟು ತೋರಿಸಬೇಕು. ತೋರಿಸದಿದ್ದರೆ ಅಲ್ಲಿ ಸ್ಪರ್ಶ ಸತ್ತಿದೆ ಅಂತ ಅರ್ಥ. ಮನೆಯವರೆಲ್ಲರನ್ನೂ ನೋಡಿಯಾದರೆ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಸರಿ ಗುರುತು. ಒಬ್ಬರು ತಪ್ಪಿದರೂ ಇಂಟು ಗುರುತು. ಇಂಟು ಹಾಕಿದ ಮನೆಗೆ ವಾರದೊಳಗೆ ಮೇಲ್ವಿಚಾರಕರೇ ಬರುತ್ತಾರೆ.

ನನ್ನ ಪಾಲಿನ ಬೀದಿಯಲ್ಲಿ ಅಕ್ಕನ ಮನೆಯೂ ಇದೆ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅಮ್ಮ ಕೊನೆಯ ಎರಡು ತಿಂಗಳು ಅವಳ ಮನೆಯಲ್ಲಿದ್ದಳು. ನೋಡಲು ಹೋದರೆ ಅಕ್ಕ ಹೊಸ್ತಿಲಲ್ಲೇ ತಡೆದಳು; ಊರ ರೋಗವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬರುವವಳಂತೆ ನಾನು. ಅಮ್ಮನ ಮುಖ ಕಂಡದ್ದು ಅವಳು ಹೆಣವಾದ ಮೇಲೆ. ಅದನ್ನು ನಾನು ಮರೆತಿಲ್ಲ, ಮರೆಯುವವಳೂ ಅಲ್ಲ.

ಹೋದ ವರ್ಷದ ಸರದಿಯಲ್ಲಿ ಬಾಗಿಲು ತಟ್ಟಿದೆ. ಒಂದು ಗೇಣು ತೆರೆಯಿತು.

"ಬೇರೆ ಯಾರಾದ್ರೂ ಬರಲಿ, ತೋರಿಸ್ತೀನಿ. ನೀನು ಮಾತ್ರ ಒಳಗೆ ಕಾಲಿಡಬೇಡ," ಅಂದಳು ಅಕ್ಕ.

ಅವಳ ಬೆನ್ನ ಹಿಂದೆ ಹನ್ನೊಂದರ ಮಗಳು ತೋಳು ಮಡಚಿಕೊಂಡು ನಿಂತಿದ್ದಳು. ಮೊಣಕೈ ಬಳಿ ಕಾಸಗಲ ಬಿಳಿಚಿಕೊಂಡ ಕಲೆ. ಕಂಡೆ. ಸಿಟ್ಟು ನೆತ್ತಿಗೇರಿತ್ತು, ಕಂಡರೂ ಕಾಣದವಳ ಹಾಗೆ ನಿಂತೆ. ಬಾಗಿಲು ಮುಚ್ಚಿತು.

ಇಂಟು ಹಾಕಿದ್ದರೆ ಕಾರಣ ಬರೆಯಬೇಕಿತ್ತು. ಒಡಹುಟ್ಟಿದ ಅಕ್ಕನೇ ಒಳಗೆ ಬಿಡಲಿಲ್ಲವೆಂದು ಇಡೀ ಆರೋಗ್ಯ ಕೇಂದ್ರ ಆಡಿಕೊಳ್ಳುತ್ತಿತ್ತು. ಯಾವ ಮುಖ ಹೊತ್ತು ತಿರುಗಲಿ? ಹಾಳಾಗಿ ಹೋಗಲಿ ಅಂತ ಸರಿ ಗುರುತು ಎಳೆದೆ. ನಾಲ್ಕು ಜನ, ನೋಡಲಾಗಿದೆ. ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆದೆ.

ಈ ವರ್ಷ ಹೋದಾಗ ಬಾಗಿಲು ತೆರೆದೇ ಇತ್ತು. ಸೂರಿನ ಕೆಳಗಿದ್ದ ನನ್ನ ಬರಹ ಅಳಿಸಿರಲಿಲ್ಲ. ಅಕ್ಕ ಮಗಳ ಬಲಗೈ ಹಿಡಿದು ನನ್ನ ಮುಂದೆ ಚಾಚಿದಳು. ಕಿರುಬೆರಳೂ ಅದರ ಪಕ್ಕದ್ದೂ ಒಳಕ್ಕೆ ಬಾಗಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುವುದಿಲ್ಲವಂತೆ. ಇಷ್ಟು ದಿನ ಏನು ಮಾಡ್ತಿದ್ದೆ ಅಂತ ಅಕ್ಕನನ್ನೇ ಗದರಿದೆ. ಮೊದಲು ರೇಗಿ ಆಮೇಲೆ ಯೋಚಿಸುವುದು ನನ್ನ ಹುಟ್ಟುಗುಣ.

ಅವಳು ತಿರುಗಿ ಗದರಲಿಲ್ಲ. ಹೋದ ವರ್ಷ ನಾನು ಬಂದು ಹೋದ ನಾಲ್ಕನೇ ದಿನ ಮೇಲ್ವಿಚಾರಕರು ಪಕ್ಕದ ಮನೆಗೆ ಬಂದಿದ್ದರಂತೆ. ಇವಳೇ ಓಡಿಹೋಗಿ, ಮಗಳ ತೋಳಲ್ಲಿ ಕಲೆ ಇದೆ, ನೋಡಿ ಅಂದಳಂತೆ. ಅವರು ಗೋಡೆ ನೋಡಿದರಂತೆ. ನಿಮ್ಮ ತಂಗಿಯೇ ನೋಡಿ ಬರೆದಿದ್ದಾಳಲ್ಲಮ್ಮ, ಅವಳ ಕಣ್ಣು ತಪ್ಪಲ್ಲ ಅಂದು ಹೊರಟೇಹೋದರಂತೆ.

"ನಾನೂ ನಂಬಿದೆ ಕಣೇ," ಅಂದಳು ಅಕ್ಕ. "ಬಾಗಿಲ ಸಂದೀಲೇ ನೋಡಿರ್ತಾಳೆ, ಏನೂ ಇಲ್ಲ ಅಂತಾನೇ ಬರೆದಿರ್ತಾಳೆ ಅಂದ್ಕೊಂಡೆ. ನನ್ನ ಮೇಲಿನ ಸಿಟ್ಟನ್ನ ಮಗು ಮೇಲೆ ತೀರಿಸ್ಕೊಳ್ಳೋಳಲ್ಲ ಅಂತ."

ಆಗಲೇ ಮಾತ್ರೆ ಶುರುವಾಗಿದ್ದರೆ ಬೆರಳು ಬಾಗುತ್ತಿರಲಿಲ್ಲ. ಈಗ ರೋಗ ವಾಸಿಯಾದರೂ ಬೆರಳು ನೆಟ್ಟಗಾಗುತ್ತದೆ ಅನ್ನುವ ಭರವಸೆ ಇಲ್ಲ. ಗೋಡೆಯ ಬರಹವನ್ನು ಅಂಗೈಯಿಂದ ಉಜ್ಜಲು ಹೋದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಅಳಿಸಬೇಡ. ನಾಲ್ಕು ಜನ ಅಂತ ಬರ್ದಿದೀಯಲ್ಲ, ಬಾ ಒಳಗೆ. ನಾಲ್ಕೂ ಜನಾನ ನೋಡು."

ಅಮ್ಮ ಸತ್ತ ಆರು ವರ್ಷದ ಮೇಲೆ ಆ ಹೊಸ್ತಿಲು ದಾಟಿದೆ. ಹುಡುಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕಣ್ಣು ಮುಚ್ಚು, ಪೆನ್ನು ತಾಗಿದ ಕಡೆ ತೋರಿಸು ಅಂದೆ. ಕಲೆಯ ನಡುವೆ ಮುಟ್ಟಿದೆ. ಅವಳು ಬೆರಳು ಸಿದ್ಧ ಮಾಡಿಕೊಂಡು ಕಾಯುತ್ತಿದ್ದಳು. ಅಂಚಿನಲ್ಲಿ ಮುಟ್ಟಿದೆ. ಕಿರುಬೆರಳ ತುದಿಗೆ ಒತ್ತಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಶುರು ಮಾಡಿ ಚಿಕ್ಕಮ್ಮ," ಅಂದಳು ಹುಡುಗಿ, ಕಣ್ಣು ಮುಚ್ಚಿಕೊಂಡೇ.