ಕಿವಿ ಬ್ಯಾಟರಿ ಕಂಡ ಕಣ್ಣು

ನಾನು ಒಂದು ಓಟೋಸ್ಕೋಪ್. ಬಾಗಲಕೋಟೆಯ ಜನ ಅಷ್ಟೆಲ್ಲ ನಾಲಿಗೆ ತಿರುಗಿಸುವುದಿಲ್ಲ, ‘ಕಿವಿ ಬ್ಯಾಟರಿ’ ಅನ್ನುತ್ತಾರೆ. ಅಂಬಾಲಾದ ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಹೊಟ್ಟೆಯಲ್ಲಿ ಸೆಲ್ಲು, ತಲೆಯಲ್ಲಿ ಪುಟ್ಟ ಬಲ್ಬು, ಮುಂದೆ ಚೂಪು ಮೂತಿ. ಮೊದಲು ಹಿರಿಯ ಡಾಕ್ಟರ ಜೇಬಿನಲ್ಲಿದ್ದೆ; ಅವರ ನಂತರ ಮಗಳು ಡಾಕ್ಟರ್ ಮಂದಾಕಿನಿಯವರ ಕೈಗೆ ಬಂದೆ. ಜನರ ಕಿವಿಯೊಳಗೆ ಗುಗ್ಗೆ, ಹತ್ತಿ, ಬಟಾಣಿ, ಒಮ್ಮೆ ಜೀವಂತ ಜಿರಲೆಯನ್ನೂ ನೋಡಿದ್ದೇನೆ. ಕಿವಿಯ ವಿಷಯದಲ್ಲಿ ನನಗೆ ತಿಳಿಯದ್ದು ಏನಿದೆ ಎಂದು ಬೀಗುತ್ತಿದ್ದೆ.

ಆ ಜಂಬ ಇಳಿಸಿದವಳು ಶಿವಲೀಲಾ, ಎರಡನೇ ಕ್ಲಾಸಿನ ಹುಡುಗಿ. ಅವಳ ಬಲಕಿವಿ ಸೋರುತ್ತಿತ್ತು. ಅಜ್ಜಿ ನೀಲವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟರು. ಸೋರುವುದು ನಿಂತಿತು. ಆದರೆ ಬಲಗಣ್ಣು ಮೂಗಿನ ಕಡೆಗೆ ತಿರುಗಿಬಿಟ್ಟಿತು.

“ಮೆಳ್ಳಗಣ್ಣು ಅದೃಷ್ಟ ಅಂತಾರಲ್ರಿ, ಅದು ಇರ್ಲಿ ಬಿಡ್ರಿ,” ಎಂದರು ನೀಲವ್ವ. “ಕೆನ್ನಿ ಭಾಳ ನೋಯ್ತೈತಿ ಅಂತ ಅಳತಾಳ. ಅದಕ್ಕಷ್ಟ ಗುಳಗಿ ಕೊಡ್ರಿ.”

ಡಾಕ್ಟರು ನನ್ನನ್ನು ಕಿವಿಗಿಟ್ಟರು. ಒಳಗಿನ ಕಿವಿತಮಟೆ ಕೆಂಪಾಗಿ ಉಬ್ಬಿತ್ತು. ಆಮೇಲೆ ಹುಡುಗಿಯ ಗದ್ದ ಹಿಡಿದು, ಬೆರಳನ್ನು ಬಲಕ್ಕೆ ಸರಿಸಿದರು. ಎಡಗಣ್ಣು ಹಿಂಬಾಲಿಸಿತು. ಬಲಗಣ್ಣು ನಡುವಿನಿಂದ ಆಚೆ ಹೋಗಲೇ ಇಲ್ಲ.

“ಇದು ಅದೃಷ್ಟ ಅಲ್ರಿ ನೀಲವ್ವಾ. ಕೀವು ಒಳಗಿನ ಎಲುಬಿಗೆ ಇಳದಂಗ ಕಾಣತೈತಿ. ಕಣ್ಣು ಹೊರಳಸೋ ನರ, ಕೆನ್ನಿ ನರ, ಎರಡೂ ಅದರ ಮಗ್ಗಲಕ್ಕ ಹೋಗ್ತಾವು. ತಡಾ ಮಾಡಿದ್ರ ಮಿದುಳಿಗೂ ಹಬ್ಬತೈತಿ. ಈಗಿಂದೀಗ ಹುಬ್ಬಳ್ಳಿಗೆ ಹೊಂಡ್ರಿ.”

“ಅಯ್ಯ ನನ್ನವ್ವಾ, ನಾ ಎಣ್ಣಿ ಬಿಟ್ಟಿದ್ದಕ್ಕ ಆತೇನ್ರಿ?”

“ಎಣ್ಣಿಯಿಂದ ಆಗಿದ್ದಲ್ರಿ. ಆದ್ರ ಸೋರೂ ಮುಂದನ ಬರಬೇಕಿತ್ತು.”

ನಾನು ಬೆರಗಾಗಿ ಹೋದೆ. ಇಷ್ಟು ವರ್ಷ ತಮಟೆಯವರೆಗೆ ಇಣುಕಿ, ಕಿವಿಯೆಂದರೆ ಇಷ್ಟೇ ಎಂದುಕೊಂಡು ಹಿಂದಿರುಗುತ್ತಿದ್ದೆ. ಅದರಾಚೆ, ಕಲ್ಲಿನಷ್ಟು ಗಟ್ಟಿ ಎಲುಬಿನ ತುದಿಯಲ್ಲಿ, ಕಣ್ಣಿನ ದಾರಿಯೂ ಕೆನ್ನೆಯ ದಾರಿಯೂ ಕಿವಿಯ ಹಿತ್ತಿಲನ್ನು ಸವರಿಕೊಂಡು ಹೋಗುತ್ತವೆಯೆ! ಒಂದು ಮಗುವಿನ ಪುಟ್ಟ ತಲೆಯೊಳಗೆ ಇಷ್ಟೆಲ್ಲ ಇದೆಯೆ!

ಹುಬ್ಬಳ್ಳಿಯ ಸ್ಕ್ಯಾನಿನಲ್ಲಿ ಅದೇ ಕಂಡಿತಂತೆ. ವಾರಗಟ್ಟಲೆ ರಕ್ತನಾಳಕ್ಕೆ ಸೂಜಿ ಹಾಕಿ ಔಷಧಿ ಕೊಟ್ಟರಂತೆ. ಜೀವಕ್ಕೆ ಭಯವಿಲ್ಲ, ಕಣ್ಣಿನ ಮಾತು ಈಗಲೇ ಹೇಳಲಾಗದು ಎಂದರಂತೆ.

ಅಷ್ಟರಲ್ಲಿ ನನ್ನ ಬಲ್ಬು ಮಂಕಾಯಿತು. ಹೊಸದೊಂದು ಬಂತು, ನಾನು ಮೇಜಿನ ಖಾನೆ ಸೇರಿದೆ. ಶಿವಲೀಲಾ ಮತ್ತೆ ಬಂದ ದಿನ ಡಾಕ್ಟರು ಯಾಕೋ ನನ್ನನ್ನೇ ಹುಡುಕಿ ತೆಗೆದರು. ಕಿವಿಗೆ ಇಡಲಿಲ್ಲ, ಮುಖದ ಮುಂದೆ ಹಿಡಿದರು.

“ತಲಿ ಅಲುಗಾಡಸಬ್ಯಾಡವಾ. ಬರೇ ಇದನ್ನ ನೋಡು.”

ನನ್ನನ್ನು ಮೆಲ್ಲಗೆ ಬಲಕ್ಕೆ ಸರಿಸಿದರು. ನೀಲವ್ವ ಸೆರಗು ಬಾಯಿಗೊತ್ತಿಕೊಂಡರು. ಬಲಗಣ್ಣು ನಡುವಿಗೆ ಬಂತು, ತಡೆಯಿತು, ಮತ್ತೆ ಹೊರಟಿತು. ಕೊನೆಯ ಅಂಚಿನವರೆಗೂ ಬಂತು.

ಬದುಕಿಡೀ ನಾನೇ ಜನರನ್ನು ಇಣುಕಿ ನೋಡಿದವನು. ಆ ದಿನ ಒಂದು ಮಗು ನನ್ನನ್ನು ನೋಡಿತು, ಎರಡೂ ಕಣ್ಣಿನಿಂದ.