ಎಡಕ್ಕೆ ಎರಡು ಬೆರಳು

ನನ್ನನ್ನು ಕಂಡವರು ಮೊದಲು ಕೇಳುವುದು ಒಂದೇ ಮಾತು: "ಇದರ ಸ್ಟೀರಿಂಗ್ ಎಲ್ಲೈತ್ರಿ?" ನನಗೆ ಸ್ಟೀರಿಂಗ್ ಚಕ್ರವೇ ಇಲ್ಲ. ಟೈರೂ ಇಲ್ಲ. ನಾನೊಂದು ಪುಟ್ಟ ಲೋಡರ್. ಎರಡು ಬದಿಗೆ ಅಗಲವಾದ ರಬ್ಬರ್ ಪಟ್ಟಿಗಳು, ಮುಂದೊಂದು ಬಕೆಟ್, ಒಬ್ಬರು ಕೂರುವಷ್ಟು ಗೂಡು, ಅಷ್ಟೇ ನನ್ನ ಆಸ್ತಿ. ಎಡಗೈಯ ಲಿವರ್ ನನ್ನನ್ನು ನಡೆಸಿ ತಿರುಗಿಸುತ್ತದೆ, ಬಲಗೈಯದು ಬಕೆಟ್ ಎತ್ತುತ್ತದೆ. ಒಂದು ಪಟ್ಟಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಉರುಳಿದರೆ ನಿಂತ ನೆಲದಲ್ಲೇ ಗಿರಕಿ ಹೊಡೆಯುತ್ತೇನೆ. ಈ ವಿದ್ಯೆ ಯಾವ ಟ್ರ್ಯಾಕ್ಟರಿಗೆ ಬರುತ್ತದೆ, ಹೇಳಿ!

ಹುಟ್ಟಿದ್ದು ಪುಣೆ ಕಡೆಯ ಕಾರ್ಖಾನೆಯಲ್ಲಿ. ಕಬ್ಬಿಣದ ತುಂಡುಗಳಾಗಿ ಒಳಗೆ ಹೋದವನು ಹಳದಿ ಬಣ್ಣ ಬಳಿದುಕೊಂಡು ಮದುಮಗನಂತೆ ಹೊರಬಂದೆ. ಮೊದಲ ಮೂರು ವರ್ಷ ಹುಬ್ಬಳ್ಳಿಯ ಗುತ್ತಿಗೆದಾರನೊಬ್ಬನ ಕೈಯಲ್ಲಿ ಚರಂಡಿ ಕೆಲಸ. ಅಲ್ಲಿ ನನಗೆ ಇಲಿ ಎಂದು ಹೆಸರಿಟ್ಟಿದ್ದರು. ಆ ಹೆಸರು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಆಮೇಲೆ ನನ್ನನ್ನು ಕೊಂಡವರು ಈರಸಂಗಪ್ಪ ಸಾವುಕಾರರು. ಘಟಪ್ರಭಾ ದಂಡೆಯ ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬು ಅರೆದು ಉಳಿದ ಸಿಪ್ಪೆಯನ್ನು ಬಾಯ್ಲರಿಗೆ ಸಾಗಿಸುವ ಗುತ್ತಿಗೆ ಅವರದು. ಸಿಪ್ಪೆಯ ರಾಶಿಯ ಮೇಲೆ ಟೈರಿನ ಗಾಡಿಗಳು ಹೂತು ಒದ್ದಾಡುತ್ತವೆ. ನಾನು ಮಾತ್ರ ಹಾಸಿಗೆಯ ಮೇಲೆ ಮಗು ತೆವಳಿದಂತೆ ಆರಾಮಾಗಿ ಹತ್ತಿ ಇಳಿಯುತ್ತಿದ್ದೆ.

ನನ್ನ ಗೂಡಿನಲ್ಲಿ ಕೂರುತ್ತಿದ್ದವಳು ಬಾಳವ್ವ. ಅದೇ ಅಂಗಳದಲ್ಲಿ ಒಂಬತ್ತು ವರ್ಷ ಬುಟ್ಟಿ ಹೊತ್ತವಳು. ಊಟದ ಹೊತ್ತಿನಲ್ಲಿ ಹಳೆಯ ಡ್ರೈವರನನ್ನು ಕಾಡಿ ಬೇಡಿ ಕಲಿತಳು. ಅವನು ಊರು ಬಿಟ್ಟಾಗ ಸೀಟು ಇವಳಿಗೆ ಬಂತು. ಗಂಡಸರು ನನ್ನ ಲಿವರನ್ನು ಎಮ್ಮೆಯ ಹಗ್ಗದಂತೆ ಜಗ್ಗುತ್ತಿದ್ದರು. ಇವಳು ರೊಟ್ಟಿ ತಟ್ಟುವ ಕೈಯಲ್ಲಿ ಹಿಡಿದಳು. ನನಗೆ ಬಹಳ ಹಿಡಿಸಿದಳು.

ಅವಳು ಸೀಟಿಗೆ ಬಂದ ಮೂರನೆಯ ವರ್ಷದ ದಸರೆ. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ನನ್ನ ಮೈ ತೊಳೆದು, ಬಕೆಟಿಗೆ ವಿಭೂತಿ ಬಳಿದು, ಬನ್ನಿ ಎಲೆ ಇಟ್ಟರು. ಸಾವುಕಾರರ ತಾಯಿ ಅರಿಶಿನದ ಬಟ್ಟೆಯಲ್ಲಿ ಒಂದು ಗೋಟಡಿಕೆ ಕಟ್ಟಿ, ಆ ಗಂಟನ್ನು ದಾರದಿಂದ ನನ್ನ ಎಡ ಲಿವರಿಗೆ ಬಿಗಿದರು. "ದೀಪಾವಳಿ ತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಅಪ್ಪಣೆಯೂ ಆಯಿತು.

ಹತ್ತು ದಿನಕ್ಕೆ ಕಬ್ಬು ಅರೆಯುವ ಕೆಲಸ ಶುರುವಾಯಿತು. ಮೂರನೆಯ ದಿನ ನಾನು ಎಡಕ್ಕೆ ತಿರುಗಲಾರದೆ ಹೋದೆ. ನೇರ ನಡೆದರೆ ಸರಿ, ಬಲಕ್ಕೆ ಚುರುಕು. ಎಡಕ್ಕೆಂದರೆ ಮಾತ್ರ ಊರೆಲ್ಲ ಸುತ್ತಿ ಬರುವ ಅಗಲವಾದ ತಿರುವು. ಹಾಗೆ ತಿರುಗುವಾಗಲೇ ಬಕೆಟ್ಟಿನ ಅಂಚು ಸಿಪ್ಪೆ ಸಾಗಿಸುವ ಬೆಲ್ಟಿನ ಕಂಬಕ್ಕೆ ತಾಗಿತು. ಕಂಬ ಉಳಿಯಿತು, ಬಾಳವ್ವನ ಮಾನ ಉಳಿಯಲಿಲ್ಲ.

"ಬುಟ್ಟಿ ಹೊರವರಿಗೆ ಗಾಡಿ ಕೊಟ್ಟಿದ್ದು ನಂದ ತಪ್ಪು," ಎಂದರು ಸಾವುಕಾರರು ಎಲ್ಲರೆದುರು. "ಇವತ್ತ ಸಂಜಿತನಕ ನೋಡ್ತೀನಿ. ನಾಳೆಯಿಂದ ಬ್ಯಾರೆ ಡ್ರೈವರ್. ನೀ ನಿನ್ನ ಬುಟ್ಟಿ ಹುಡುಕ್ಕೋ."

ಲಿವರ್ ಹಿಡಿದಿದ್ದ ಬಾಳವ್ವನ ಅಂಗೈ ಬೆವರಿದ್ದು ನನಗೊಬ್ಬನಿಗೇ ಗೊತ್ತು. ನನಗೆ ಅಳು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ!

ಜಮಖಂಡಿಯಿಂದ ದಸ್ತಗೀರ ಮಿಸ್ತ್ರಿ ಬಂದ. ನನ್ನಂಥ ನೂರು ಯಂತ್ರಗಳ ನಾಡಿ ಹಿಡಿದವನು. ಮರದ ದಿಮ್ಮಿಗಳ ಮೇಲೆ ನನ್ನನ್ನು ಎತ್ತಿಟ್ಟು ಎರಡೂ ಪಟ್ಟಿಗಳು ಎಷ್ಟು ಜೋತಿವೆ ಎಂದು ಅಳೆದ. ಎಡದ್ದು ತುಸು ಸಡಿಲ. ಗ್ರೀಸ್ ತುಂಬಿ ಬಿಗಿ ಮಾಡಿದ. ಎಡಕ್ಕೆ ಅದೇ ಕತೆ. ಎಣ್ಣೆ ನೋಡಿದ, ಫಿಲ್ಟರ್ ಬದಲಿಸಿದ. ಅದೇ ಕತೆ. ಎರಡೂ ಬದಿಯ ಪೈಪುಗಳಿಗೆ ಮೀಟರ್ ಹಚ್ಚಿ, ನನ್ನನ್ನು ನೇರ ಓಡಿಸಿ, ಒತ್ತಡ ನೋಡಿದ, ಸರಿಸಮ. ಹಲ್ಲು ನೋಯುವವನಿಗೆ ಕಾಲು ತಿಕ್ಕಿದಂತಿತ್ತು. ಬಾಯಿದ್ದಿದ್ದರೆ ಕೂಗಿ ಹೇಳುತ್ತಿದ್ದೆ.

"ಎಡಗಡೆ ಮೋಟಾರ್ ಬಿಚ್ಚಬೇಕ್ರಿ ಸಾವ್ಕಾರ್ರ, ನಾಕ ದಿನ ಬೇಕು," ಎಂದ ಮಿಸ್ತ್ರಿ. ಸಾವುಕಾರರು ಫೋನು ತೆಗೆದು ಹೊಸ ಡ್ರೈವರನ ನಂಬರ್ ಹುಡುಕತೊಡಗಿದರು.

ಬಾಳವ್ವ ಗೂಡಿಗೆ ಹತ್ತಿದಳು. ಕೊನೆಯ ಸಲ ಕೂರಲು ಬಂದಳೆಂದೇ ನಾನು ತಿಳಿದೆ. ಎಂಜಿನ್ ಬಂದ್ ಆಗಿತ್ತು. ಕಣ್ಣು ಮುಚ್ಚಿ ಲಿವರನ್ನು ಬಲಕ್ಕೆ ಒತ್ತಿದಳು, ಎಡಕ್ಕೆ ಒತ್ತಿದಳು. ಮತ್ತೊಮ್ಮೆ, ಬೆರಳು ಅಡ್ಡ ಇಟ್ಟು ಅಳೆದಳು.

"ದಾದಾ, ಇಲ್ಲಿ ಬಾ. ಬಲಕ್ಕ ನಾಕ ಬಟ್ಟ ಹೊಕ್ಕೈತಿ, ಎಡಕ್ಕ ಎರಡ ಬಟ್ಟ. ಒಳಗ ಏನೋ ಅಡ್ಡ ಕುಂತೈತಿ."

ಮಿಸ್ತ್ರಿ ಬಗ್ಗಿ ನೋಡಿದ. ಲಿವರಿನ ಬುಡದ ರಬ್ಬರ್ ಗವಸು ಒಂದೆಡೆ ಹರಿದಿತ್ತು. ಪೂಜೆಯ ದಾರ ಆ ಹರುಕಿನೊಳಗೇ ಇಳಿದಿತ್ತು. "ಬೆಳಗಿನಿಂದ ಈ ದಾರ ನೋಡಾಕತ್ತೀನಿ ತಂಗಿ," ಎಂದ ಅವನು ಮೆಲ್ಲಗೆ. "ನಿಮ್ಮ ಪೂಜಾದ್ದು, ನಾ ಹ್ಯಾಂಗ ಮುಟ್ಟಲಿ ಅಂತ ಬಿಟ್ಟೆ."

"ನಾನೂ ಅದಕ್ಕ ಬಿಟ್ಟಿದ್ದೆ," ಎಂದಳು ಬಾಳವ್ವ.

"ಅವ್ವ ದೀಪಾವಳಿ ತನಕ ಬ್ಯಾಡ ಅಂದಾಳ," ಎಂದರು ಸಾವುಕಾರರು ಕೆಳಗಿನಿಂದ.

ಬಾಳವ್ವ ಸೆರಗು ಸರಿಮಾಡಿಕೊಂಡು ದಾರವನ್ನು ಕಣ್ಣಿಗೊತ್ತಿಕೊಂಡಳು. ಗವಸು ಎತ್ತಿ, ಎರಡು ಬೆರಳು ಒಳಗಿಟ್ಟು, ಗಂಟನ್ನು ಹೊರತೆಗೆದಳು. ನನ್ನ ನಡುಕಕ್ಕೆ ದಿನವೂ ಇಷ್ಟಿಷ್ಟೇ ಜಾರಿ, ಲಿವರಿನ ಎಡಮಗ್ಗುಲಲ್ಲಿ ಬೆಣೆಯಂತೆ ಕೂತಿದ್ದ ಆ ಗೋಟಡಿಕೆ! ಅವಳು ಅದನ್ನು ಎಸೆಯಲಿಲ್ಲ. ಕೈ ಚಾಚಿ ಗೂಡಿನ ಮೇಲಿನ ಸರಳಿಗೆ ಕಟ್ಟಿದಳು. "ನೆತ್ತಿ ಮ್ಯಾಲ ಇರ್ಲಿ ರೀ ಸಾವ್ಕಾರ್ರ. ದೊಡ್ಡವ್ವಾರಿಗೆ ನಾನ ಹೇಳ್ತೀನಿ."

ಎಂಜಿನ್ ಹಚ್ಚಿದಳು. ನಾನು ಎಡಕ್ಕೆ ಗಿರಕಿ ಹೊಡೆದೆ ನೋಡಿ, ಒಂದಲ್ಲ, ಮೂರು! ಮಿಸ್ತ್ರಿ ಚಪ್ಪಾಳೆ ತಟ್ಟಿದ. ಸಾವುಕಾರರು ಫೋನನ್ನು ಕಿಸೆಗಿಟ್ಟುಕೊಂಡು, "ನಾಳಿ ಲಗೂನ ಬಾರವ್ವಾ," ಎಂದಷ್ಟೇ ಹೇಳಿ ಹೋದರು.

ಆಮೇಲೆ ಹನ್ನೊಂದು ಹಂಗಾಮು ನಾವಿಬ್ಬರೂ ದುಡಿದೆವು. ಈಗ ನನ್ನ ಎಂಜಿನ್ ಕಳಚಿ ಒಯ್ದಿದ್ದಾರೆ, ಪಟ್ಟಿಗಳು ಬಿರಿದಿವೆ. ವರ್ಕ್‌ಶಾಪಿನ ಹಿಂದೆ ಬೇವಿನ ನೆರಳಲ್ಲಿ ನಿಂತಿದ್ದೇನೆ. ಸಾವುಕಾರರು ಪ್ರತಿ ದಸರೆಗೆ ಹೊಸ ಯಂತ್ರಗಳ ಗಂಟನ್ನು ತಾವೇ ಮೇಲಿನ ಸರಳಿಗೆ ಕಟ್ಟುತ್ತಾರೆ. ಗುಜರಿಯವರು ಎರಡು ಸಲ ಬಂದರು. ಎರಡು ಸಲವೂ ಬಾಳವ್ವ ಅಡ್ಡ ನಿಂತಳು. ಈಗ ಆರು ಯಂತ್ರಗಳ ಮೇಲ್ವಿಚಾರಣೆ ಅವಳದು. ಹೊಸದಾಗಿ ಸೇರಿದವರನ್ನು ಮೊದಲ ದಿನ ನನ್ನ ಬಳಿಗೇ ಕರೆತಂದು, ಕೂರಿಸಿ, ಕಣ್ಣು ಮುಚ್ಚಿಸುತ್ತಾಳೆ.

ಮೊನ್ನೆ ಬಂದ ಡ್ರೈವರ್ ನಕ್ಕುಬಿಟ್ಟ. "ಅಕ್ಕಾರ, ಇದಕ್ಕ ಎಂಜಿನ್ನ ಇಲ್ಲ. ಇದರಾಗ ಏನ್ ಕಲಿಯೂದ್ರಿ?"

"ಎಂಜಿನ್ ಬಂದ್ ಇದ್ದಾಗ ಕಲಿಯೂದು," ಎಂದಳು ಬಾಳವ್ವ. "ಲಿವರ್ ಹಿಡಿ. ಎಡಕ್ಕ ಎಷ್ಟ ಬಟ್ಟ ಹೊಕ್ಕೈತಿ, ಹೇಳು."

ಅವನು ಬೆರಳಿಟ್ಟು ಅಳೆದ. "ನಾಕು," ಎಂದ.

ಹೌದು. ಈ ವಯಸ್ಸಿನಲ್ಲೂ ನಾಲ್ಕು.